ಬಾಗಿಲು ಹೊರಗಿನಿಂದ ತೆರೆಯಬೇಕು

ಡಿಸೆಂಬರ್ ಬಂತೆಂದರೆ ನಮ್ಮ ಹಾಸ್ಟೆಲ್ಲಿನಲ್ಲಿ ಎರಡು ಥರದ ಬಾಗಿಲುಗಳು ಕಾಣುತ್ತವೆ. ಒಂದು, ಪ್ಲೇಸ್ ಆದವರ ಬಾಗಿಲು. ಅಲ್ಲಿ ರಾತ್ರಿ ಎರಡರ ತನಕ ಗದ್ದಲ, 'ಪಾರ್ಟಿ ಯಾವಾಗ ಕೊಡ್ತೀಲೇ' ಅನ್ನೋ ಕೂಗು. ಇನ್ನೊಂದು, ಪಟ್ಟಿಯಲ್ಲಿ ಹೆಸರು ಬರದವರ ಬಾಗಿಲು. ಅದು ಮುಚ್ಚಿರುತ್ತದೆ. ಈ ಸಲ ನಾವು ಬರೆಯುತ್ತಿರುವುದು ಆ ಎರಡನೇ ಬಾಗಿಲಿನ ಬಗ್ಗೆ.

ನವೆಂಬರ್ ಕೊನೆಯ ವಾರ ನಮ್ಮ ಫ್ಲೋರಿನ ಗೆಳೆಯನೊಬ್ಬ ಮೂರನೇ ಕಂಪನಿಯ ಕೊನೆಯ ರೌಂಡಿನಲ್ಲಿ ರಿಜೆಕ್ಟ್ ಆದ. ಅದೇ ವಾರ ಒಂದು ಸಬ್ಜೆಕ್ಟಿನ ಮರುಮೌಲ್ಯಮಾಪನವೂ ಕೈಕೊಟ್ಟಿತು. ಆಮೇಲೆ ಅವನು ರೂಮಿನಿಂದ ಹೊರಗೆ ಬರೋದೇ ಬಿಟ್ಟ. ಮೆಸ್ಸಿಗೆ ಇಲ್ಲ, ಕ್ಲಾಸಿಗೆ ಇಲ್ಲ. ನಾವೇನು ಮಾಡಿದೆವು? ಗ್ರೂಪಿನಲ್ಲಿ ಸೋಲೇ ಗೆಲುವಿನ ಮೆಟ್ಟಿಲು ಅನ್ನೋ ರೀಲ್ಸ್ ಹಾಕಿದೆವು. 'ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ ಮಗಾ' ಅಂತ ಮೆಸೇಜ್ ಕಳಿಸಿ, ಪಕ್ಕದಲ್ಲಿ ತೋಳು ಎತ್ತಿದ ಚಿತ್ರ ಒತ್ತಿದೆವು. ನೀಲಿ ಟಿಕ್ ಬಂತು. ನಮ್ಮ ಕರ್ತವ್ಯ ಮುಗೀತು ಅಂದುಕೊಂಡೆವು. ಅವನ ರೂಮು ನಮ್ಮ ರೂಮಿನಿಂದ ಹನ್ನೆರಡು ಹೆಜ್ಜೆ. ನಾಲ್ಕು ದಿನ ಆ ಹನ್ನೆರಡು ಹೆಜ್ಜೆಯನ್ನು ಯಾರೂ ನಡೆಯಲಿಲ್ಲ.

ಭಾನುವಾರ ಸಂಜೆ ಹುಬ್ಬಳ್ಳಿಯ ಮನೆಯಿಂದ ಇನ್ನೊಬ್ಬ ಗೆಳೆಯ ವಾಪಸ್ ಬಂದ. ವಿಷಯ ಕೇಳಿದವನೇ ಮೆಸ್ಸಿನಿಂದ ಎರಡು ತಟ್ಟೆ ಊಟ ಹಿಡಿದುಕೊಂಡು ಹೋಗಿ ಬಾಗಿಲು ಬಡಿದ. ಒಳಗಿನಿಂದ ದನಿ ಬರಲಿಲ್ಲ. 'ತೆಗೀಲೇ, ಸಾರು ಆರತೈತಿ' ಅಂದ. ಐದು ನಿಮಿಷ ನಿಂತ. ಕೊನೆಗೆ ಚಿಲಕ ಸರಿಯಿತು. ಒಳಗೆ ಹೋಗಿ ಏನು ಉಪದೇಶ ಮಾಡಿದೆ ಅಂತ ಆಮೇಲೆ ಕೇಳಿದೆವು. 'ಏನೂ ಇಲ್ಲ, ಉಂಡ್ವಿ' ಅಂದ. ಇವತ್ತು ಆಗಮನದ ಮೊದಲ ಭಾನುವಾರ, ಚರ್ಚಿನಲ್ಲಿ ಮೊದಲನೇ ಮೇಣದಬತ್ತಿ ಹಚ್ಚಿ ಬಂದೆ, ಇಲ್ಲಿ ಬಂದು ಸುಮ್ಮನೆ ಕೂತರೆ ಅದಕ್ಕೇನು ಅರ್ಥ ಅಂತಲೂ ಅಂದ.

ನಿಜ ಹೇಳಬೇಕೆಂದರೆ ಆಗಮನ ಕಾಲ, ಅಂದರೆ ಅಡ್ವೆಂಟ್, ಏನೆಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಕ್ರಿಸ್‌ಮಸ್ ಕೇಕು, ನಕ್ಷತ್ರ, ಒಂದು ದಿನದ ರಜೆ. ಕ್ರಿಸ್‌ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲ ಇದು. ಪ್ರತಿ ಭಾನುವಾರ ಒಂದೊಂದು ಮೇಣದಬತ್ತಿ ಹೆಚ್ಚುತ್ತ ಹೋಗುತ್ತದೆ. ಹಲವು ಚರ್ಚುಗಳಲ್ಲಿ ಮೊದಲನೆಯದಕ್ಕೆ ನಿರೀಕ್ಷೆಯ ಮೇಣದಬತ್ತಿ ಅಂತಾರೆ. ಇಂಗ್ಲಿಷಿನ 'ಹೋಪ್' ಇರುವಲ್ಲಿ ಹಳೆಯ ಕನ್ನಡ ಬೈಬಲ್ ಬಳಸುವ ಮಾತು ಆಶೆಯಲ್ಲ, ನಿರೀಕ್ಷೆ. ಆಶೆ ಇದ್ದವನು ಬೇಕು ಅಂತಾನೆ. ನಿರೀಕ್ಷೆ ಇದ್ದವನು ದಾರಿ ನೋಡ್ತಾನೆ. ಅಂದರೆ ಯಾರೋ ಬರುತ್ತಾರೆ ಎಂಬ ಭರವಸೆ ಅವನಿಗಿದೆ.

ಈ ಮೇಣದಬತ್ತಿ ಲೆಕ್ಕದ ಕಥೆಯೂ ನಮ್ಮಂಥವರಿಗೆ ಹಿಡಿಸುವಂಥದ್ದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಶ್ ವಿಖರ್ನ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ 1833ರಲ್ಲಿ ಒಂದು ಆಶ್ರಮ ತೆರೆದಿದ್ದ. ಕ್ರಿಸ್‌ಮಸ್ ಇನ್ನೂ ಎಷ್ಟು ದಿನ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದರು. 1839ರಲ್ಲಿ ಅವನು ಬಂಡಿಯ ಹಳೇ ಗಾಲಿಯೊಂದನ್ನು ತಂದು ಅದರ ಮೇಲೆ ದಿನಕ್ಕೊಂದು ಸಣ್ಣ ಕೆಂಪು ಮೇಣದಬತ್ತಿ, ಭಾನುವಾರಕ್ಕೊಂದು ದೊಡ್ಡ ಬಿಳಿ ಮೇಣದಬತ್ತಿ ನಿಲ್ಲಿಸಿದ. ಅದೇ 1839ರಲ್ಲಿ ಬಾಸೆಲ್ ಮಿಶನ್ ನಮ್ಮ ಹುಬ್ಬಳ್ಳಿಯಲ್ಲಿ ಕೆಲಸ ಶುರು ಮಾಡಿತು. ಅಂದರೆ ಈ ಕಾಯುವ ಪದ್ಧತಿ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಇನ್ನೊಂದು ವಿಷಯ. ಯುರೋಪಿನಲ್ಲೂ ನಮ್ಮಲ್ಲೂ ಡಿಸೆಂಬರ್ 21-22ರ ತನಕ ಹಗಲು ಕಿರಿದಾಗುತ್ತ ಹೋಗುತ್ತದೆ. ಬತ್ತಿಗಳು ಒಂದೊಂದಾಗಿ ಹೆಚ್ಚುವುದು ಅದೇ ದಿನಗಳಲ್ಲಿ. ಕತ್ತಲೆ ಹೋಯಿತು ಅಂತ ಹಚ್ಚಿದ ದೀಪಗಳಲ್ಲ ಇವು. ಕತ್ತಲೆ ಇನ್ನೂ ಬೆಳೆಯುತ್ತಿರುವಾಗಲೇ ಹಚ್ಚಿದವು.

ಎರಡನೇ ಭಾನುವಾರ ಆ ಗೆಳೆಯನನ್ನು ಎಬ್ಬಿಸಿಕೊಂಡು ನಾವು ಐದಾರು ಜನ ಗೊಟಗೋಡಿಗೆ ಹೋದೆವು. ಶಿಗ್ಗಾವಿ ತಾಲ್ಲೂಕಿನ ಈ ಊರಲ್ಲೇ ಜಾನಪದ ವಿಶ್ವವಿದ್ಯಾಲಯ ಇದೆ, ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನೂ ಇದೆ. ಅಲ್ಲಿ ಆಳೆತ್ತರದ ಮೂರ್ತಿಗಳು ಹಳ್ಳಿಯ ಬದುಕನ್ನೇ ನಿಲ್ಲಿಸಿವೆ. ಎಲ್ಲರೂ ಏನಾದರೊಂದು ಕೆಲಸದಲ್ಲಿ ತೊಡಗಿದವರು, ಒಬ್ಬರ ಪಕ್ಕ ಇನ್ನೊಬ್ಬರು. ಗೆಳೆಯ ಬಹಳ ಹೊತ್ತು ನೋಡಿ, 'ಇವರ್‍ಯಾರೂ ಒಬ್ಬೊಬ್ಬರೇ ಇಲ್ಲಲೇ' ಅಂದ. ಹತ್ತು ದಿನದಲ್ಲಿ ಅವನು ತಾನಾಗಿ ಆಡಿದ ಮೊದಲ ಉದ್ದದ ಮಾತು ಅದು.

ಇಲ್ಲಿ ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇವೆ. ಕ್ಯಾಂಪಸ್ಸಿನಲ್ಲಿ ನಾವು ಹಂಚುವ ಭರವಸೆಯೆಲ್ಲ 'ನಿನ್ನೊಳಗೇ ಶಕ್ತಿ ಇದೆ, ಹುಡುಕಿಕೋ' ಅನ್ನೋ ಜಾತಿಯದ್ದು. ಕುಸಿದು ಕೂತವನಿಗೆ ಅದು ಇನ್ನೊಂದು ಅಸೈನ್‌ಮೆಂಟ್ ಆಗುತ್ತದೆ. ಹುಡುಕಿ ಸಿಗದಿದ್ದರೆ ಆ ತಪ್ಪೂ ಅವನ ತಲೆಗೇ. ಆಗಮನದ ಸಂದೇಶ ಇದಕ್ಕೆ ಉಲ್ಟಾ. ಭರವಸೆ ಒಳಗಿನಿಂದ ಉಕ್ಕುವುದಿಲ್ಲ, ಹೊರಗಿನಿಂದ ನಿನ್ನ ಹತ್ತಿರ ಬರುತ್ತದೆ ಅನ್ನುತ್ತದೆ. ಹೆಸರೇ ಆಗಮನ. ಆ ಕಥೆಯಲ್ಲಿ ದೇವರು ದನದ ಗೋದಲಿಯ ತನಕ ಇಳಿದು ಬರುತ್ತಾನೆ. ಸುದ್ದಿ ಮೊದಲು ಮುಟ್ಟುವುದು ಅರಮನೆಗಲ್ಲ, ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ. ನಮ್ಮ ಸೀಮೆಯ ಕುರಿಗಾಹಿಗಳನ್ನು ನೋಡಿದವರಿಗೆ ಅದು ಯಾವ ಪಟ್ಟಿಯಲ್ಲೂ ಹೆಸರಿಲ್ಲದವರ ಕೆಲಸ ಅಂತ ಬೇರೆ ಹೇಳಬೇಕಿಲ್ಲ.

ಡೀಟ್ರಿಶ್ ಬಾನ್‌ಹಾಫರ್ ಎಂಬ ಜರ್ಮನ್ ಪಾದ್ರಿ ಹಿಟ್ಲರನನ್ನು ವಿರೋಧಿಸಿದ್ದಕ್ಕೆ 1943ರಲ್ಲಿ ಬರ್ಲಿನ್ನಿನ ಟೇಗೆಲ್ ಜೈಲು ಸೇರಿದ. ಆ ನವೆಂಬರಿನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಜೈಲಿನ ಕೋಣೆ ಆಗಮನ ಕಾಲಕ್ಕೆ ಒಳ್ಳೆಯ ಹೋಲಿಕೆ ಅನ್ನುತ್ತಾನೆ. ಒಳಗಿರುವವನು ಕಾಯುತ್ತಾನೆ, ಏನೇನೋ ಸಣ್ಣಪುಟ್ಟದ್ದು ಮಾಡುತ್ತಿರುತ್ತಾನೆ, ಆದರೆ ಬಾಗಿಲಿನ ಬೀಗ ಇರುವುದು ಹೊರಗೆ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಕನಕ. ಗೊಟಗೋಡಿ ಇರುವ ತಾಲ್ಲೂಕಿನದೇ ಬಾಡ ಗ್ರಾಮ ಕನಕದಾಸರ ಊರು. ಉಡುಪಿಯಲ್ಲಿ ಗುಡಿಯೊಳಗೆ ಬಿಡದಿದ್ದಾಗ ಕನಕ ಹಿಂಬದಿಯಲ್ಲಿ ನಿಂತ, ಗೋಡೆ ಬಿರಿದು ಕೃಷ್ಣನೇ ಅತ್ತ ತಿರುಗಿದ ಅಂತ ಐತಿಹ್ಯ. ಕನಕ ಗೋಡೆ ಒಡೆಯಲಿಲ್ಲ. ಆಚೆ ಇದ್ದವನು ತಿರುಗಿದ. ಎರಡೂ ಒಂದೇ ಕಥೆ ಅಂತ ನಾವು ಹೇಳುತ್ತಿಲ್ಲ. ಆದರೆ ಈ ಮಾತು ನಮ್ಮ ಮಣ್ಣಿಗೆ ಹೊಸದಲ್ಲ ಅಂತ ಧೈರ್ಯವಾಗಿ ಹೇಳಬಹುದು. 'ನಾವು ಕ್ರಿಶ್ಚಿಯನ್ನರಲ್ಲ, ನಮಗ್ಯಾಕಪ್ಪ ಅಡ್ವೆಂಟು' ಅನ್ನುವವರಿಗೆ ಇನ್ನೊಂದು ಉತ್ತರ ಇದೆ. ಇದೇ ತಾಲ್ಲೂಕಿನ ಶಿಶುನಾಳದ ಷರೀಫರಿಗೆ ಗುರುವಾದವರು ಕಳಸದ ಗೋವಿಂದ ಭಟ್ಟರು. ಒಳ್ಳೆಯದನ್ನು ಯಾರ ಮನೆಯಿಂದಾದರೂ ಕಡ ತರಬಹುದು ಅನ್ನೋದು ಇಲ್ಲಿ ಹಳೇ ರೂಢಿ.

ಒಬ್ಬ ಸೀನಿಯರ್ ಇದನ್ನೆಲ್ಲ ಕೇಳಿ, 'ಬಾಗಿಲು ಬಡಿದರೆ ಆಫರ್ ಲೆಟರ್ ಬರತೈತೇನು?' ಅಂದ. ಸರಿಯಾದ ಪ್ರಶ್ನೆ. ಬರುವುದಿಲ್ಲ. ಇರುವ ಕೆಲಸ ಹತ್ತು, ಕೂತವರು ನೂರು ಅಂದರೆ ತೊಂಬತ್ತು ಜನಕ್ಕೆ ಸಿಗುವುದಿಲ್ಲ, ಅದು ಗಣಿತ. ಬಾನ್‌ಹಾಫರನಿಗೂ ಬಿಡುಗಡೆ ಸಿಗಲಿಲ್ಲ, 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಆದ್ದರಿಂದ ನಿರೀಕ್ಷೆ ಅಂದರೆ 'ಎಲ್ಲಾ ಸರಿ ಹೋಗತೈತಿ' ಅನ್ನೋ ಗ್ಯಾರಂಟಿ ಕಾರ್ಡ್ ಅಲ್ಲ. ಕೆಲಸ ಸಿಗದ ದಿನವೂ ನೀನು ನಮಗೆ ಬೇಕು ಅನ್ನುವುದು ಅದು. ಪ್ಲೇಸ್‌ಮೆಂಟ್ ಸೆಲ್ ಇದನ್ನು ಕೊಡಲಾರದು. ಪಕ್ಕದ ರೂಮಿನವನು ಕೊಡಬಲ್ಲ.

ಹಾಗಾದರೆ ಮಾಡೋದೇನು? ಕ್ಲಬ್ಬಿನಲ್ಲಿ ಕೂತು ಮೂರು ವಿಷಯ ತೀರ್ಮಾನ ಮಾಡಿದ್ದೇವೆ. ಕ್ರಿಸ್‌ಮಸ್ ತನಕ ಪ್ರತಿ ರಾತ್ರಿ ಊಟದ ಹೊತ್ತಿಗೆ ಫ್ಲೋರಿಗೆ ಇಬ್ಬರು ಬಾಗಿಲು ಬಡಿಯುತ್ತಾರೆ. ಪಟ್ಟಿ ಮಾಡುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಸ್ಟೇಟಸ್ ಹಾಕುವುದಿಲ್ಲ. ಎರಡನೆಯದು, ಪ್ಲೇಸ್ ಆದವರು ಪಾರ್ಟಿಯ ಜೊತೆಗೆ ಎರಡು ಭಾನುವಾರ ಕೊಡಬೇಕು. ಇನ್ನೂ ಕಾಯುತ್ತಿರುವವರ ಜೊತೆ ಕೂತು ಆಪ್ಟಿಟ್ಯೂಡ್ ಬಿಡಿಸಬೇಕು, ಅಣಕು ಸಂದರ್ಶನ ಮಾಡಬೇಕು. ಮೂರನೆಯದು ಬಹಳ ಮುಖ್ಯ. ಯಾರಾದರೂ ಬದುಕೇ ಬೇಡ ಅನ್ನುವ ಮಾತಾಡಿದರೆ ಅದನ್ನು ಗುಟ್ಟಾಗಿ ಇಟ್ಟುಕೊಂಡು ನಾವೇ ಡಾಕ್ಟರಾಗುವುದು ಬೇಡ. ಅವರನ್ನು ಒಬ್ಬರನ್ನೇ ಬಿಡದೆ ಕೂಡಲೇ ವಾರ್ಡನ್ನಿಗೆ, ಮನೆಯವರಿಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ.

ಇದನ್ನು ಬರೆಯುವ ಮೊದಲು ಆ ಗೆಳೆಯನನ್ನು ಕೇಳಿದೆವು. 'ಬರೀರಿ, ಹೆಸರು ಬೇಡ' ಅಂದ. ಅವನಿಗಿನ್ನೂ ಕೆಲಸ ಸಿಕ್ಕಿಲ್ಲ. ಮುಂದಿನ ವಾರ ಒಂದು ಟೆಸ್ಟ್ ಇದೆ, ಏನಾಗುತ್ತದೋ ನಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಮೂರನೇ ಮೇಣದಬತ್ತಿ ಹಚ್ಚೋದು ಬಾಕಿ ಇದೆ. ನಿನ್ನೆ ರಾತ್ರಿ ಬಾಗಿಲು ಬಡಿಯುವ ಪಾಳಿ ಯಾರದು ಅಂತ ಕೇಳಿದಾಗ ತಟ್ಟೆ ಹಿಡಿದು ಎದ್ದವನು ಅವನೇ.

ನಿಮ್ಮ ಫ್ಲೋರಿನಲ್ಲೂ ಒಂದು ಬಾಗಿಲು ಮುಚ್ಚಿರಬಹುದು. ಎಷ್ಟು ಹೆಜ್ಜೆ ದೂರ ಅಂತ ಇವತ್ತೇ ನಡೆದು ನೋಡಿ.