ಮರಳಿ ಡಿಂಗನ ಬಳಿಗೆ

ಬಿ.ಎ. ಅಂತಿಮ ವರ್ಷದವನು ‘ಬಾಲಮಂಗಳ’ ಓದುತ್ತಾನೆಂದರೆ ಸಹಪಾಠಿಗಳು ನಗುವುದು ಸಹಜವೇ. ಆದರೆ ತಿಕೋಟಾದ ನಮ್ಮ ಮನೆಗೆ ಶಾಲೆಯ ಪಠ್ಯವಲ್ಲದೆ ಬಂದ ಮೊದಲ ಪುಸ್ತಕವೇ ಅದು. ವಿಜಯಪುರದ ರದ್ದಿ ಅಂಗಡಿಯಿಂದ ಅಪ್ಪ ತಂದುದು. ಅವರಿಗೆ ಓದು ಬಾರದು. 1983ರಲ್ಲಿ ಮಲಯಾಳದಲ್ಲಿ ಹುಟ್ಟಿ ಕನ್ನಡಕ್ಕೆ ಬಂದ ಡಿಂಗನೆಂಬ ವೀರ ಇಲಿಯ ಸಾಹಸಗಳನ್ನು ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ. ಅಪ್ಪ ಚಿತ್ರ ನೋಡುತ್ತ ಕೇಳುತ್ತಿದ್ದರು.

ಕಾಲೇಜು ಸೇರಿದ ಮೇಲೆ ನಾಚಿ ಅವನ್ನೆಲ್ಲ ಟ್ರಂಕಿನಲ್ಲಿ ಮುಚ್ಚಿಟ್ಟೆ. ಈ ದೀಪಾವಳಿ ರಜೆಯಲ್ಲಿ ಅದನ್ನು ತೆರೆದಾಗ ಅಪ್ಪ ಕೇಳಿದರು: “ಆ ಇಲಿ ಕತಿ ಮುಂದ ಏನಾತೋ?” ಇಷ್ಟು ವರ್ಷ ಅವರು ಕಾದಿದ್ದರು! ಅಂದಿನಿಂದ ದಿನವೂ ಓದುತ್ತಿದ್ದೇವೆ.

ಚಿತ್ರಕಥೆಗಳನ್ನು ಹೀಗಳೆಯುವವರು ಒಂದನ್ನು ಮರೆಯಬಾರದು: ಪುಸ್ತಕವಿಲ್ಲದ ಮನೆಗೆ ಓದಿನ ಹೊಸ್ತಿಲೇ ಅವು. ನಮ್ಮ ಗ್ರಂಥಾಲಯದಲ್ಲಿಯೂ ಅವಕ್ಕೊಂದು ಕಪಾಟು ದೊರೆಯಲಿ.