ಖಾಲಿ ಜಾಗ ಸಾಕ್ಷಿ ಅಲ್ಲ

1/8
ಬಯೋಮೆಟ್ರಿಕ್ ಮಷಿನ್ ಮೇಲೆ ಬೆರಳು ಇಟ್ಟಿರ್ತೀರಿ. ಬೆರಳು ಒದ್ದೆ ಇತ್ತೋ ಏನೋ, ತಗೊಳ್ಳೋದಿಲ್ಲ. ಅಷ್ಟರಲ್ಲಿ ಬೆಲ್ ಆಗುತ್ತೆ, ನೀವು ಕ್ಲಾಸಿಗೆ ಓಡ್ತೀರಿ. ತಿಂಗಳ ಕೊನೆಗೆ ಲಿಸ್ಟಿನಲ್ಲಿ ನಿಮ್ಮ ಹೆಸರಿನ ಮುಂದೆ ಆಬ್ಸೆಂಟ್. ನೋಟ್ಸ್ ಇದೆ, ಪಕ್ಕದಲ್ಲಿ ಕೂತವಳು ಸಾಕ್ಷಿ ಹೇಳ್ತಾಳೆ. ಆದ್ರೂ ಬರೋ ಉತ್ತರ ಒಂದೇ: "ಸಿಸ್ಟಮ್‌ನಾಗ ಇಲ್ಲಲ್ಲ."

ಇದು ನಮ್ಮಲ್ಲಿ ಎಲ್ಲರಿಗೂ ಒಮ್ಮೆಯಾದರೂ ಆಗಿದೆ, ಅಲ್ವಾ? ಇವತ್ತು ಅದೇ ಥರದ್ದೊಂದು ಹೇಳ್ತೀನಿ. ವ್ಯತ್ಯಾಸ ಇಷ್ಟೇ, ಈ ಸಲ ಆ ಸಿಸ್ಟಮ್ ಸೆಟ್ ಮಾಡಿದವಳು ನಾನು. ಫೋಟೋದಲ್ಲಿ ನನ್ನ ಅಂಗೈ ಮೇಲಿರೋ ಬಿಳಿ ಗುಂಡಿ ನೋಡಿ. ಬ್ಲೂಟೂತ್ ಟೆಂಪರೇಚರ್ ಟ್ಯಾಗ್ ಅದು. ಅದರಲ್ಲಿ ನಾನು ಹಾಕಿದ ಎರಡು ನಂಬರಿನಿಂದ ಒಬ್ಬ ಡ್ರೈವರ್ ಸಂಬಳದಲ್ಲಿ 1,500 ರೂಪಾಯಿ ಕಟ್ ಆಯ್ತು. ಕಟ್ ಮಾಡಿದ ಎಂಟ್ರಿ ಟೈಪ್ ಮಾಡಿದವಳೂ ನಾನೇ.

2/8
ಸಂಜೆ ಕಾಲೇಜು ಮುಗಿಸಿ ನಾನು ಹುಬ್ಬಳ್ಳಿಯ ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೀತೀನಿ. ಮೊಸರು, ಪನೀರ್ ತುಂಬಿದ ಕೂಲಿಂಗ್ ಗಾಡಿಗಳು ರಾತ್ರಿ 2ಕ್ಕೆ ಹೊರಟು ಯಲ್ಲಾಪುರ, ಅರಬೈಲ್ ಘಾಟ್ ದಾಟಿ ಬೆಳಗಾಗೋದ್ರೊಳಗೆ ಕಾರವಾರ ಮುಟ್ಟುತ್ತವೆ. ಗಾಡಿಗಳು ಬಾಡಿಗೆಯವು, ವೈರ್ ಕತ್ತರಿಸಿ ಏನೂ ಕೂಡಿಸೋ ಹಾಗಿಲ್ಲ. ಅದಕ್ಕೆ ಮಾಲಕರು ಬ್ಯಾಟರಿ ಮೇಲೆ ನಡೆಯೋ ಟ್ರ್ಯಾಕರ್ ತಂದ್ರು. ಸೋಪಿನ ಡಬ್ಬಿಯಷ್ಟು ದೊಡ್ಡದು, ಅಯಸ್ಕಾಂತದಿಂದ ಗಾಡಿಗೆ ಅಂಟಿಕೊಳ್ಳುತ್ತೆ. ಒಳಗೆ ಸಿಮ್, ಜಿಪಿಎಸ್, ಬ್ಲೂಟೂತ್ ಎಲ್ಲ ಇದೆ. ಕಬ್ಬಿಣದ ಬಾಡಿಯೊಳಗೆ ಇಟ್ಟರೆ ಸಿಗ್ನಲ್ ಸಿಗಲ್ಲ ಅಂತ ಟ್ರ್ಯಾಕರ್ ಹೊರಗೆ, ಟೆಂಪರೇಚರ್ ನೋಡೋ ಟ್ಯಾಗ್ ಮಾಲಿನ ಜೊತೆ ಒಳಗೆ.

"ನೀ ಕಂಪ್ಯೂಟರ್ ಕಲ್ತಾಕಿ, ನೀನ ಸೆಟ್ ಮಾಡವಾ" ಅಂದ್ರು. ನಾನು ಬಿಕಾಂ. ಕಂಪ್ಯೂಟರ್ ಅಂದ್ರೆ ನನಗೆ ಟ್ಯಾಲಿ ಮತ್ತೆ ಎಕ್ಸೆಲ್. ಆದ್ರೂ ಹ್ಞೂಂ ಅಂದೆ.

3/8
ಇದು ಹೇಗೆ ಕೆಲಸ ಮಾಡುತ್ತೆ ಅಂತ ಸರಳವಾಗಿ ಹೇಳ್ತೀನಿ, ಯಾಕಂದ್ರೆ ಪೂರ್ತಿ ಜಗಳ ಇರೋದೇ ಇಲ್ಲಿ.

ಟ್ಯಾಗ್ ಯಾರ ಜೊತೆಗೂ ಮಾತಾಡಲ್ಲ, ಕೂಗುತ್ತೆ ಅಷ್ಟೇ. ಸಂತೆಯಲ್ಲಿ ಕಾಯಿಪಲ್ಲೆ ಮಾರೋರು ರೇಟ್ ಕೂಗೋ ಹಾಗೆ ಇಷ್ಟಿಷ್ಟು ಸೆಕೆಂಡಿಗೊಮ್ಮೆ "4.6 ಡಿಗ್ರಿ" ಅಂತ ಕೂಗಿ ಮಲಗುತ್ತೆ. ಇದಕ್ಕೆ ಅಡ್ವರ್ಟೈಸಿಂಗ್ ಇಂಟರ್ವಲ್ ಅಂತಾರೆ. ಟ್ರ್ಯಾಕರ್ ಕೂಡ ಹೆಚ್ಚು ಹೊತ್ತು ಮಲಗೇ ಇರುತ್ತೆ. ನಿಗದಿ ಟೈಮಿಗೆ ಎದ್ದು, ಕೆಲವು ಸೆಕೆಂಡ್ ಕಿವಿಗೊಟ್ಟು, ಕೇಳಿದ್ದನ್ನ ಬರೆದುಕೊಂಡು ಮತ್ತೆ ಮಲಗುತ್ತೆ. ಇದು ಸ್ಕ್ಯಾನ್ ಟೈಮ್.

ನಾನು ಹಾಕಿದ್ದು: ಟ್ಯಾಗ್ 8 ಸೆಕೆಂಡಿಗೊಮ್ಮೆ ಕೂಗಬೇಕು. ಟ್ರ್ಯಾಕರ್ ಅರ್ಧ ಗಂಟೆಗೊಮ್ಮೆ ಎದ್ದು 5 ಸೆಕೆಂಡ್ ಕೇಳಬೇಕು. ಯಾಕೆ ಹಾಗೆ? ಸೆಟ್ಟಿಂಗ್ ಆ್ಯಪಿನಲ್ಲಿ ನಂಬರ್ ಬದಲಿಸಿದಂಗೆ ಬ್ಯಾಟರಿ ಎಷ್ಟು ದಿನ ಬರುತ್ತೆ ಅಂತ ತೋರಿಸ್ತಿತ್ತು. ದಿನ ಜಾಸ್ತಿ ಆಗೋದು ನೋಡಿ ಖುಷಿಯಾಯ್ತು. ಖರ್ಚು ಉಳಿಸಿದೆ ಅನ್ಕೊಂಡೆ.

ನೀವೇ ಲೆಕ್ಕ ಹಾಕಿ. 8 ಸೆಕೆಂಡಿಗೊಮ್ಮೆ ಕೂಗೋದನ್ನ 5 ಸೆಕೆಂಡ್ ಮಾತ್ರ ಕೇಳಿದ್ರೆ ಕಿವಿಗೆ ಬೀಳೋ ಸಾಧ್ಯತೆ 8ರಲ್ಲಿ 5. ಉಳಿದ 3 ಸಲ ಟ್ಯಾಗ್ ಕೂಗೋ ಮೊದಲೇ ಟ್ರ್ಯಾಕರ್ ಮಲಗಿರುತ್ತೆ. ಸತತ ಎರಡು ಸಲ ತಪ್ಪಿ ಹೋಗೋ ಸಾಧ್ಯತೆ 64ರಲ್ಲಿ 9, ಅಂದ್ರೆ ಸುಮಾರು ಶೇ. 14. ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಇಂಥ ಲೆಕ್ಕ ಬಿಡಿಸಿ ಮಾರ್ಕ್ಸ್ ತಗೊಂಡಿದ್ದೀನಿ. ಕೆಲಸದಲ್ಲಿ ನೆನಪಾಗಲೇ ಇಲ್ಲ.

4/8
ಒಂದು ದಿನ ಬೆಳಗ್ಗೆ ಕಾರವಾರದ ಪಾರ್ಟಿ ರಿಪೋರ್ಟ್ ಕೇಳಿದ್ರು. 3:30ಕ್ಕೆ 4.6 ಡಿಗ್ರಿ. 4:00 ಖಾಲಿ. 4:30 ಖಾಲಿ. 5:00ಕ್ಕೆ 5.1 ಡಿಗ್ರಿ. ಒಂದೂವರೆ ಗಂಟೆ ಗಾಡಿಯೊಳಗೆ ಏನಾಯ್ತು ಅಂತ ಗೊತ್ತಿಲ್ಲ ಅಂದ ಪಾರ್ಟಿ, ಬಿಲ್ಲಿನಲ್ಲಿ ದುಡ್ಡು ಹಿಡಿದ್ರು.

ಘಾಟಿನಲ್ಲಿ ನೆಟ್‌ವರ್ಕ್ ಇರಲ್ಲ, ಅದಕ್ಕೇ ಇರಬೇಕು ಅಂತ ನಾನಂದೆ. ಮಾಲಕರು ಸ್ಕ್ರೀನ್ ತೋರಿಸಿದ್ರು. ಆ ಹೊತ್ತಿನ ಲೊಕೇಶನ್ ಎಲ್ಲ ಬಂದಿತ್ತು. ನೆಟ್‌ವರ್ಕ್ ಇಲ್ಲದಾಗ ಟ್ರ್ಯಾಕರ್ ತನ್ನೊಳಗೇ ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತೆ. ಟೆಂಪರೇಚರ್ ಮಾತ್ರ ಇರಲಿಲ್ಲ. "ಲೊಕೇಶನ್ ಬಂದೈತಿ, ಟೆಂಪರೇಚರ್ ಬಂದಿಲ್ಲ. ಅಂದ್ರ ಅಂವ ಏನರೆ ಮಾಡ್ಯಾನ. ಡೀಸೆಲ್ ಉಳಿಸಾಕ ಕೂಲಿಂಗ್ ಬಂದ್ ಮಾಡ್ಯಾನ." ಕೇಳೋಕೆ ಎಷ್ಟು ಸರಿಯಾದ ತರ್ಕ ನೋಡಿ!

ಡ್ರೈವರ್ ಕಾಕಾ ನನ್ನ ಟೇಬಲ್ ಹತ್ರ ಬಂದು ಹೇಳಿದ್ರು: "ನಾ ಬಂದ್ ಮಾಡಿಲ್ಲ ತಂಗಿ. ಘಾಟಿನ್ಯಾಗ ಗಾಡಿ ನಿಂದರ್ಸೂ ಇಲ್ಲ." ನಾನು ತಲೆ ಆಡಿಸಿದೆ. ಆಮೇಲೆ ಸಂಬಳದ ಶೀಟ್ ತೆಗೆದು 1,500 ಮೈನಸ್ ಹಾಕಿದೆ. ಅವರು ಹದಿನಾರು ವರ್ಷದಿಂದ ಗಾಡಿ ಹೊಡೀತಿದ್ದಾರೆ. ಟ್ಯಾಗ್ ಬಂದು ಹದಿನಾರು ದಿನ ಆಗಿರಲಿಲ್ಲ.

5/8
ಮರುವಾರ ಇನ್ನೊಂದು ಗಾಡಿಯಲ್ಲೂ ಖಾಲಿ ಜಾಗ ಬಂತು. ಆ ಡ್ರೈವರ್ ಮಾಲಕರ ಸ್ವಂತ ಅಳಿಯ. ಅವರಿಗೆ ಯಾರೂ ಏನೂ ಅನ್ನಲಿಲ್ಲ, "ಮಷಿನ್ ಕೆಟ್ಟಿರಬೇಕು" ಅಂದ್ರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಒಂದು ಟ್ಯಾಗ್, ಒಂದು ಟ್ರ್ಯಾಕರ್ ತಗೊಂಡು ನನ್ನ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟೆ. ಗಾಡಿ ಇಲ್ಲ, ಕಬ್ಬಿಣದ ಗೋಡೆ ಇಲ್ಲ, ಘಾಟ್ ಇಲ್ಲ, ಡ್ರೈವರ್ ಇಲ್ಲ. 24 ಗಂಟೆಯಲ್ಲಿ ಟ್ರ್ಯಾಕರ್ ಎದ್ದಿದ್ದು 48 ಸಲ. ಟೆಂಪರೇಚರ್ ಸಿಕ್ಕಿದ್ದು 31 ಸಲ. ನನ್ನ ಟೇಬಲ್ಲೇ 17 ಸಲ "ಕೂಲಿಂಗ್ ಬಂದ್" ಮಾಡಿತ್ತು!

ಮಾಲಕರಿಗೆ ತೋರಿಸಿದೆ. ಬೈತಾರೆ ಅನ್ಕೊಂಡಿದ್ದೆ. ಸುಮ್ಮನೆ ನೋಡಿದ್ರು, ಆಮೇಲೆ "ಮುಂದಿನ ಪಗಾರದಾಗ ಹಾಕಿ ಬಿಡು" ಅಂದ್ರು. ಕಾಕಾ ಹತ್ರ ನಾನೇ ಹೋಗಿ ತಪ್ಪು ನಂದು ಅಂತ ಹೇಳಿದೆ. ಅವರಂದಿದ್ದು: "ಮಷಿನ್ನಿಗೆ ಕೇಳಿಸ್ಲಿಲ್ಲ, ಹೋಗ್ಲಿ. ನಾ ಹೇಳಿದ್ದು ನಿಮಗ ಕೇಳಿಸ್ತಲ್ಲ ತಂಗಿ." ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಇದನ್ನ ಬರೀಲಾ ಅಂತ ಅವರನ್ನ ಕೇಳಿದ್ದೀನಿ. ಹೆಸರು ಬೇಡ, ಬರಿ ಅಂದ್ರು.

6/8
ಈಗ ಇಂಥ ಕೆಲಸ ಕೈಗೆ ಬಂದವರಿಗೆ. ನಮ್ಮ ಕ್ಲಾಸಿನಲ್ಲೇ ನಾಲ್ಕೈದು ಜನ ಗೋಡೌನ್, ಕೊರಿಯರ್, ಮೆಡಿಕಲ್ ಡಿಸ್ಟ್ರಿಬ್ಯೂಟರ್ ಹತ್ರ ಪಾರ್ಟ್‌ಟೈಮ್ ಮಾಡ್ತಿದ್ದೀರಿ. ನಾನು ತಪ್ಪು ಮಾಡಿ ಕಲಿತಿದ್ದನ್ನ ನೀವು ಓದಿ ಕಲೀರಿ.

ಒಂದು. ಕೇಳೋ ಟೈಮ್ ಯಾವಾಗಲೂ ಕೂಗೋ ಅಂತರಕ್ಕಿಂತ ದೊಡ್ಡದಿರಲಿ, ಕಡಿಮೆ ಅಂದ್ರೂ ಮೂರು ಪಟ್ಟು. ಈಗ ನಮ್ಮ ಟ್ಯಾಗ್ 2 ಸೆಕೆಂಡಿಗೊಮ್ಮೆ ಕೂಗುತ್ತೆ, ಟ್ರ್ಯಾಕರ್ 7 ಸೆಕೆಂಡ್ ಕೇಳುತ್ತೆ. ಒಂದು ಕೂಗು ತಪ್ಪಿದ್ರೂ ಇನ್ನೆರಡು ಇರುತ್ತೆ. ಟೇಬಲ್ ಮೇಲೆ ಮತ್ತೆ ನೋಡಿದಾಗ 48ಕ್ಕೆ 48 ಬಂತು.

ಎರಡು. ಬ್ಯಾಟರಿ ಉಳಿಸೋದಾದ್ರೆ ಸರಿಯಾದ ಕಡೆ ಉಳಿಸಿ. ಕೂಗೋಕೆ ಕೆಲವೇ ಮಿಲಿಸೆಕೆಂಡ್ ಸಾಕು. ಕೇಳೋಕೆ ಅಷ್ಟೂ ಸೆಕೆಂಡ್ ರೇಡಿಯೋ ಆನ್ ಇರಬೇಕು. ಅದಕ್ಕೇ ಟ್ರ್ಯಾಕರ್ ಕೇಳೋ ಹೊತ್ತು ತುಂಬಾ ಎಳೆಯೋದಕ್ಕಿಂತ ಟ್ಯಾಗ್ ಬೇಗ ಬೇಗ ಕೂಗೋ ಹಾಗೆ ಮಾಡೋದು ಲಾಭ. ಟ್ಯಾಗಿನ ಸಿಆರ್2032 ಸೆಲ್ಲು ಬೇಗ ಖಾಲಿಯಾಗುತ್ತೆ, ಒಪ್ಪಿದೆ. ಅದರ ರೇಟು ಚಹಾ, ಗಿರ್ಮಿಟ್ ತಿಂದಷ್ಟೇ. ಟ್ರ್ಯಾಕರ್ ಬ್ಯಾಟರಿ ಹೆಚ್ಚು ತಿನ್ನೋದು ಜಿಪಿಎಸ್ ಹುಡುಕೋದು, ಸಿಮ್ ಮೂಲಕ ಡೇಟಾ ಕಳಿಸೋದು. ಗಾಡಿ ನಿಂತಾಗ ಅದನ್ನ ಕಡಿಮೆ ಮಾಡಿ.

ಮೂರು. ಟ್ಯಾಗ್ ಎಲ್ಲಿ ಇಡ್ತೀರಿ ನೋಡಿ. ಬ್ಲೂಟೂತ್ ನಡೆಯೋದು 2.4 ಗಿಗಾಹರ್ಟ್ಸ್‌ನಲ್ಲಿ. ಕಬ್ಬಿಣ ಆ ಸಿಗ್ನಲ್ ತಡೆಯುತ್ತೆ, ನೀರು ಹೀರಿಕೊಳ್ಳುತ್ತೆ. ಮೊಸರಲ್ಲಿ ಹೆಚ್ಚಿರೋದು ನೀರೇ. ಕ್ರೇಟುಗಳ ನಡುವೆ ಹುಗಿದ್ರೆ ಕೂಗಿದ್ದು ಹೊರಗೆ ಬರಲ್ಲ. ಹಾಗಂತ ಬ್ಲೋವರ್ ಮುಂದೆ ಕಟ್ಟಿದ್ರೆ ಅದು ಹೇಳೋದು ಗಾಳಿಯ ಚಳಿ, ಮೊಸರಿನದ್ದಲ್ಲ.

ನಾಲ್ಕು. ಯಾವ ಟ್ಯಾಗ್ ಯಾವ ಗಾಡೀದು ಅಂತ ಟ್ರ್ಯಾಕರಿನಲ್ಲಿ ಅದರ ಮ್ಯಾಕ್ ಅಡ್ರೆಸ್ ಹಾಕಿ ಕಟ್ಟಿಹಾಕಿ. 12 ಅಕ್ಷರ ಇರುತ್ತೆ, ಬಿ ಮತ್ತೆ 8 ಒಂದೇ ಥರ ಕಾಣುತ್ತೆ, ಇಬ್ಬರು ಕೂತು ಓದಿ. ಇಲ್ಲಾಂದ್ರೆ ಲೋಡಿಂಗ್ ಜಾಗದಲ್ಲಿ ಪಕ್ಕದ ಗಾಡಿ ಟ್ಯಾಗ್ ಕೂಗಿದ್ದು ನಿಮ್ಮ ಗಾಡಿ ಲೆಕ್ಕಕ್ಕೆ ಬರುತ್ತೆ.

ಐದು. ಸಿಗದೇ ಇದ್ದಾಗ ರಿಪೋರ್ಟಿನಲ್ಲಿ "ಸಿಗಲಿಲ್ಲ" ಅಂತಲೇ ಬರಲಿ. 0 ಅಂತ ಬರಬಾರದು, 0 ಡಿಗ್ರಿ ಅನ್ನೋದು ನಿಜವಾದ ಟೆಂಪರೇಚರ್. ಹಿಂದಿನ ನಂಬರನ್ನೇ ಮತ್ತೆ ತೋರಿಸಲೂಬಾರದು. ಅದು ಎಲ್ಲ ಸರಿ ಇದೆ ಅಂತ ಸುಳ್ಳು ಹೇಳಿದ ಹಾಗೆ.

7/8
ಮಾಲಕರ ಕಡೆಯ ಮಾತೂ ಹೇಳಬೇಕು. ಕೂಲಿಂಗ್ ಬಂದ್ ಮಾಡಿ ಡೀಸೆಲ್ ಉಳಿಸೋ ಡ್ರೈವರ್‌ಗಳು ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಮಾಲು ಕೆಟ್ಟರೆ ತಿನ್ನೋರ ಹೊಟ್ಟೆ ಕೆಡುತ್ತೆ. ಎಷ್ಟೋ ಲಸಿಕೆಗಳನ್ನ 2ರಿಂದ 8 ಡಿಗ್ರಿ ನಡುವೆಯೇ ಒಯ್ಯಬೇಕು. ಅಲ್ಲಿ ತಪ್ಪಾದ್ರೆ ಮಗುವಿಗೆ ಚುಚ್ಚಿದ ಸೂಜಿ ವ್ಯರ್ಥ. ಅಳತೆ ಬೇಕು, ಟ್ಯಾಗೂ ಬೇಕು. ನನ್ನ ತಕರಾರು ಅಳತೆ ಬಗ್ಗೆ ಅಲ್ಲ.

ತಕರಾರು ಇರೋದು ಇಲ್ಲಿ. ಆಡಿಟಿಂಗ್ ಕ್ಲಾಸಿನಲ್ಲಿ ನಮಗೆ ಏನು ಕಲಿಸ್ತಾರೆ? ವೋಚರ್ ಇಲ್ಲ ಅಂದ ತಕ್ಷಣ ಕ್ಯಾಶಿಯರ್ ಕಳ್ಳ ಅಂತ ಬರೀಬೇಡ, ಮೊದಲು ವಿಚಾರಿಸು ಅಂತ. ವೋಚರ್ ಲೇಟಾಗಿ ಬಂದಿರಬಹುದು, ಕಳೆದಿರಬಹುದು, ಬರೆಯೋ ವ್ಯವಸ್ಥೆಯೇ ಇಲ್ಲದೆ ಇರಬಹುದು. ಪುಸ್ತಕದ ವಿಷಯಕ್ಕೆ ಇಷ್ಟು ತಾಳ್ಮೆ ಇರೋ ನಾವು, ಸ್ಕ್ರೀನ್ ಮೇಲೆ ಖಾಲಿ ಜಾಗ ಕಂಡ ಕೂಡಲೇ ಎದುರಿಗಿರೋ ಮನುಷ್ಯನ ಮೇಲೆ ಬೆರಳು ಮಾಡ್ತೀವಿ. ಅದೂ ಯಾರು ತಿರುಗಿ ಮಾತಾಡಲ್ವೋ ಅವರ ಮೇಲೆ. ಅಳಿಯನ ಗಾಡಿಯಲ್ಲಿ ಬಂದಾಗ ಮಷಿನ್ ಕೆಟ್ಟಿತ್ತು, ಕಾಕಾ ಗಾಡಿಯಲ್ಲಿ ಬಂದಾಗ ಮನುಷ್ಯ ಕೆಟ್ಟಿದ್ದ. ಖಾಲಿ ಜಾಗ ಎರಡೂ ಕಡೆ ಒಂದೇ.

ಸೆಟ್ಟಿಂಗ್ ಅನ್ನೋದು ಟೆಕ್ನಿಕಲ್ ವಿಷಯ, ನಮಗ್ಯಾಕೆ ಅನ್ಕೋಬೇಡಿ. 8 ಮತ್ತು 5 ಅಂತ ನಾನು ಒತ್ತಿದ್ದು ಬ್ಯಾಟರಿ ಉಳಿಸೋಕೆ. ಉಳಿದ ಬ್ಯಾಟರಿಯ ಬಿಲ್ ಕಟ್ಟಿದ್ದು ಕಾಕಾ.

8/8
ಅದಕ್ಕೆ ನಾನು ಕೇಳೋದು ಮೂರೇ.

ಯಾವ ಮಷಿನ್ ನೋಡಿ ಒಬ್ಬರ ಸಂಬಳ ಕಟ್ ಮಾಡ್ತೀರೋ, ಮೊದಲು ಅದನ್ನ ಒಂದು ದಿನ ಟೇಬಲ್ ಮೇಲೆ ಇಟ್ಟು ನೋಡಿ. ಅಲ್ಲೇ ಎಷ್ಟು ಸಲ ತಪ್ಪುತ್ತೆ ಅಂತ ಬರೆದಿಡಿ. ಅದಕ್ಕೆ ಖರ್ಚಿಲ್ಲ, ಇಂಜಿನಿಯರ್ ಬೇಡ.

ಗಾಡಿ ಓಡಿಸೋರಿಗೆ ಸೆಟ್ಟಿಂಗ್ ಹೇಳಿ. ಎಷ್ಟು ಹೊತ್ತಿಗೆ ಒಮ್ಮೆ ನೋಡುತ್ತೆ, ಟ್ಯಾಗ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿ. ಈಗ ಕಾಕಾ ಹೊರಡೋ ಮೊದಲು ಟ್ಯಾಗ್ ಕ್ರೇಟಿನ ಮೇಲಿದೆಯಾ ಅಂತ ತಾವೇ ನೋಡ್ತಾರೆ. ಹೋದ ವಾರ ಒಂದು ಟ್ಯಾಗಿನ ಸೆಲ್ಲು ವೀಕ್ ಆಗಿದ್ದು ಮೊದಲು ಗಮನಕ್ಕೆ ತಂದದ್ದೂ ಅವರೇ.

ಮೂರನೇದು ನಮಗೆ, ಅಂದ್ರೆ ಎಂಟ್ರಿ ಹಾಕೋರಿಗೆ. ಮೈನಸ್ ಹಾಕೋ ಮೊದಲು "ಯಾಕೆ" ಅಂತ ಒಂದು ಸಲ ಕೇಳಿ. ನಾನು ಕೇಳಲಿಲ್ಲ. ಕೇಳಿದ್ರೆ ಕೆಲಸ ಹೋಗ್ತಿತ್ತಾ? ಇಲ್ಲ. ಐದು ನಿಮಿಷ ಹೋಗ್ತಿತ್ತು.

ನಿಮ್ಮ ಮನೆಯಲ್ಲಿ ಯಾರಾದ್ರೂ ಗಾಡಿ ಓಡಿಸ್ತಿದ್ರೆ, ಡೆಲಿವರಿ ಮಾಡ್ತಿದ್ರೆ, ಅವರಿಗೆ ಇದನ್ನ ಓದಿ ಹೇಳಿ. "ಸಿಸ್ಟಮ್‌ನಾಗ ಇಲ್ಲ" ಅಂತ ನಿಮ್ಮ ದುಡ್ಡೋ ಹಾಜರಿಯೋ ಹೋಗಿದ್ರೆ ಕೆಳಗೆ ಬರೀರಿ, ಕಂಪನಿ ಹೆಸರು ಬೇಡ. ಟ್ಯಾಗ್ ಸೆಟ್ ಮಾಡೋದ್ರಲ್ಲಿ ಡೌಟ್ ಇದ್ರೆ ಮೆಸೇಜ್ ಮಾಡಿ, ಗೊತ್ತಿದ್ದಷ್ಟು ಹೇಳ್ತೀನಿ. ಮುಂದಿನ ವಾರ ಗೋಡೌನ್ ಸ್ಟಾಕ್ ಲೆಕ್ಕದ ಬಗ್ಗೆ. ಸೋಮವಾರ ಇಂಟರ್ನಲ್ಸ್ ಇದೆ, ಓದ್ಕೊಳ್ರಿ ಎಲ್ಲರೂ.