ಮೂಲ ಬೇರೆ, ಷರಾ ಬೇರೆ

ವಾಣಿಜ್ಯ ಓದುವ ನಮ್ಮನ್ನು ಕಂಡರೆ ಕಲಾ ವಿಭಾಗದ ಗೆಳೆಯರಿಗೆ ಧರ್ಮಬುದ್ಧಿ ಉಕ್ಕಿ ಬರುತ್ತದೆ. "ದುಡ್ಡೇ ಎಲ್ಲ ಕೇಡಿಗೂ ಮೂಲ ಕಣಯ್ಯಾ, ಬೈಬಲೇ ಹೇಳಿದೆ" ಅಂತ ಒಂದು ಮಾತು ಎಸೆದು ನಗುತ್ತಾರೆ. ಚರ್ಚಾಕೂಟದಲ್ಲೂ ಇದೇ ಮಾತು, ಭಾಷಣ ಸ್ಪರ್ಧೆಯಲ್ಲೂ ಇದೇ ಮಾತು. ಚಪ್ಪಾಳೆಯೂ ಬೀಳುತ್ತದೆ. ಆದರೆ ಬೈಬಲು ಹಾಗೆ ಹೇಳಿಲ್ಲ.

ನಾನು ಹತ್ತನೇ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನು. ಇಂಗ್ಲಿಷ್ ಬೈಬಲಿನ ಹಳೇ ಶೈಲಿ ನನಗೆ ಕಬ್ಬಿಣದ ಕಡಲೆ. ಕನ್ನಡದ 'ಸತ್ಯವೇದವು' ಹಿಡಿದು ಕೂತರೆ ಓದು ಸರಾಗ. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ, 10ನೇ ವಚನ ತೆಗೆದು ನೋಡಿ. ಅಲ್ಲಿ ಕೇಡಿನ ಬೇರು ಅಂದಿರುವುದು ಹಣವನ್ನಲ್ಲ, ಹಣದ ಮೇಲಿನ ಆಸೆಯನ್ನು. ನಡುವೆ ಒಂದು ಪದ ಬಿಟ್ಟುಹೋಯಿತು ನೋಡಿ, ತಪ್ಪು ಮನುಷ್ಯನ ಎದೆಯಿಂದ ಜೇಬಿಗೆ ವರ್ಗವಾಯಿತು! ಜೇಬು ಖಾಲಿ ಇದ್ದವನೆಲ್ಲ ಪುಣ್ಯವಂತನಾದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ನಾವೂ ಪುಸ್ತಕ ತೆಗೆಯದೆ ತಲೆ ಆಡಿಸಿದೆವು.

ಬೈಬಲನ್ನು ದೇವರ ವಾಕ್ಯ ಎಂದು ನಂಬುವವರಿಗೆ ಇದು ಭಕ್ತಿಯ ಪ್ರಶ್ನೆ. ಹಾಗೆ ನಂಬದ ನನ್ನಂಥವನಿಗೆ ಪ್ರಾಮಾಣಿಕತೆಯ ಪ್ರಶ್ನೆ. ಪುಸ್ತಕದ ಹೆಸರಿನಲ್ಲಿ ಮಾತಾಡುವವನು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ತನ್ನ ಅಭಿಪ್ರಾಯವನ್ನು ತನ್ನದೆಂದೇ ಹೇಳಬೇಕು. ಲೆಕ್ಕದ ವಹಿಯಲ್ಲಿ ರಕಮಿನ ಕಾಲಮ್ಮು ಬೇರೆ, ಷರಾ ಬರೆಯುವ ಕಾಲಮ್ಮು ಬೇರೆ. ಷರಾವನ್ನು ರಕಮಿನ ಕಾಲಮ್ಮಿನಲ್ಲಿ ತುಂಬಿದವನನ್ನು ನಮ್ಮ ಕಡೆ ಜಾಣ ಅನ್ನುವುದಿಲ್ಲ, ಕಳ್ಳಲೆಕ್ಕ ಬರೆದವ ಅನ್ನುತ್ತಾರೆ.

ಇದೇನು ಮಹಾ, ಒಂದು ಪದ ಆಚೀಚೆ ಆದರೆ ಪ್ರಳಯವಾಗುತ್ತದೆಯೇ ಎಂದು ಕೇಳಬಹುದು. ಪ್ರಳಯವೇ ಆದದ್ದುಂಟು. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರಿಗಾಗಿ ಆಯ್ದ ಭಾಗಗಳು ಎಂದು ಅದರ ಮುಖಪುಟವೇ ಹೇಳುತ್ತಿತ್ತು. ಪ್ರಾಟೆಸ್ಟೆಂಟರ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ; ಇದರಲ್ಲಿ ಉಳಿದದ್ದು 232. ಯೋಸೇಫ ಐಗುಪ್ತದಲ್ಲಿ ದಾಸನಾಗಿ ನಿಯತ್ತಿನಿಂದ ದುಡಿದ ಕಥೆ ಇದೆ. ಮೋಶೆ ಅದೇ ಐಗುಪ್ತದಿಂದ ತನ್ನ ಜನರನ್ನು ಬಿಡಿಸಿಕೊಂಡು ಹೊರಟ ಕಥೆ ಇಲ್ಲ! ದಾಸರು ಧಣಿಗಳಿಗೆ ವಿಧೇಯರಾಗಿರಲಿ ಎಂಬ ಎಫೆಸದವರ ಪತ್ರದ ಮಾತು ಇದೆ. ಕ್ರಿಸ್ತನಲ್ಲಿ ದಾಸ-ಸ್ವತಂತ್ರ ಎಂಬ ಭೇದವಿಲ್ಲ ಎಂಬ ಗಲಾತ್ಯದವರ ಪತ್ರದ ಮಾತು ಇಲ್ಲ.

ಸ್ವಲ್ಪ ಯೋಚಿಸಿ ನೋಡಿ. ಅದರಲ್ಲಿ ಸುಳ್ಳನ್ನು ಹೊಸದಾಗಿ ಸೇರಿಸಬೇಕಾಗಿರಲಿಲ್ಲ. ಇದ್ದ ವಾಕ್ಯಗಳೆಲ್ಲ ಬೈಬಲಿನವೇ. ಬಿಟ್ಟದ್ದರಿಂದಲೇ ಸುಳ್ಳು ತಯಾರಾಯಿತು. ಧರ್ಮೋಪದೇಶಕಾಂಡದ 4ನೇ ಅಧ್ಯಾಯ ಆಜ್ಞೆಗಳಿಗೆ ಏನನ್ನೂ ಕೂಡಿಸಬೇಡಿ, ಏನನ್ನೂ ಕಳೆಯಬೇಡಿ ಎಂದು ಎರಡೂ ಕಡೆ ಬೀಗ ಹಾಕಿದ್ದು ಸುಮ್ಮನೆ ಅಲ್ಲ. ಕೂಡಿಸಿದ ಸುಳ್ಳು ಎಂದಾದರೂ ಸಿಕ್ಕಿಬೀಳುತ್ತದೆ. ಕಳೆದ ಸತ್ಯ ಓದುವವನ ಕಣ್ಣಿಗೇ ಬೀಳುವುದಿಲ್ಲ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ ಕದ್ದುಮುಚ್ಚಿ ಅಕ್ಷರ ಕಲಿತ ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಕ್ರಿಸ್ತನ ಧರ್ಮವೇ ಬೇರೆ, ಧಣಿಗಳ ಧರ್ಮವೇ ಬೇರೆ ಎಂದು ಗೆರೆ ಕೊಯ್ದ. ಸ್ವಂತ ಕಣ್ಣಿನಿಂದ ಓದಿದವನಿಗೆ ಮಾತ್ರ ಆ ಗೆರೆ ಕಾಣುತ್ತದೆ.

"ಹಾಗಾದರೆ ಅರ್ಥ ಹೇಳುವುದೇ ತಪ್ಪೇನಯ್ಯ? ಕನ್ನಡಕ್ಕೆ ತಂದ ಅನುವಾದವೂ ಒಬ್ಬನ ದೃಷ್ಟಿಯೇ ಅಲ್ಲವೇ?" ಎಂದು ನಮ್ಮ ಸಂಘದ ಒಬ್ಬರು ಹಿರಿಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕನ್ನಡಕವಿಲ್ಲದೆ ಓದುವವನು ಯಾವನೂ ಇಲ್ಲ. ಆದರೆ ಕನ್ನಡಕ ಹಾಕಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕೇನು ಕಷ್ಟ? ನಿಘಂಟಿನ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದು 1862ರಲ್ಲಿ ಪ್ರಕಟಿಸಿದ. ಅದಕ್ಕೆ 'ಕಥಾಮಾಲೆ' ಎಂದು ಬೇರೆ ಹೆಸರಿಟ್ಟ, ಇದೇ ಬೈಬಲು ಅನ್ನಲಿಲ್ಲ. ನಮ್ಮ ಕುಮಾರವ್ಯಾಸನೂ ವ್ಯಾಸರ ಕಥೆಯನ್ನು ತನ್ನದಾಗಿ ಹೇಳಿದ, ಕನ್ನಡಿಗರು ಅದನ್ನು ಅವನ ಹೆಸರಿನಲ್ಲೇ ಓದಿದರು. ಇಲ್ಲಿ ಮೋಸವಿಲ್ಲ. ಷರಾ ಷರಾದ ಕಾಲಮ್ಮಿನಲ್ಲೇ ಇದೆ.

ಈ ತಕ್ಕಡಿಯಲ್ಲಿ ನಮ್ಮ ವಾಣಿಜ್ಯದವರನ್ನೂ ತೂಗೋಣ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಧಣಿಯೊಬ್ಬ ಮೂರು ಆಳುಗಳಿಗೆ ಐದು, ಎರಡು, ಒಂದು ಹೀಗೆ ತಲಾಂತುಗಳನ್ನು ಒಪ್ಪಿಸುತ್ತಾನೆ. ತಲಾಂತು ಅಂದರೆ ಪ್ರತಿಭೆಯಲ್ಲ, ಹಣ. ಒಂದಕ್ಕೆ ಸುಮಾರು 6,000 ದಿನಗೂಲಿ. ವರ್ಷಕ್ಕೆ 300 ದಿನ ಕೆಲಸ ಹಿಡಿದರೆ 20 ವರ್ಷದ ದುಡಿಮೆ! ಬೋಧಕರು ಅದಕ್ಕೆ ದೇವರು ಕೊಟ್ಟ ಸಾಮರ್ಥ್ಯ ಎಂದು ಅರ್ಥ ಹೇಳುತ್ತ ಬಂದರು. ಇಂಗ್ಲಿಷಿನ 'ಟ್ಯಾಲೆಂಟ್' ಪದಕ್ಕೆ ಕೊನೆಗೆ ಆ ಅರ್ಥವೇ ನಿಂತುಬಿಟ್ಟಿತು. ಷರಾ ಮೂಲವನ್ನೇ ನುಂಗಿದ ಕಥೆ ಇದು. ಹಣ ಹೂತಿಟ್ಟ ಆಳಿಗೆ ಧಣಿ, ಸಾಹುಕಾರರಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲ ಎಂದು ಗದರುತ್ತಾನೆ. ಇದನ್ನು ಓದಿದಾಗ ನನಗೂ ಒಳಗೊಳಗೇ ಖುಷಿ: ನೋಡಿ, ಬಡ್ಡಿಗೆ ಬೈಬಲಿನ ಬೆಂಬಲ! ಆದರೆ ಅದೇ ಪುಸ್ತಕದ ವಿಮೋಚನಕಾಂಡದ 22ನೇ ಅಧ್ಯಾಯ, ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಕೇಳಬಾರದು ಎನ್ನುತ್ತದೆ. ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿದರೆ ಲಂಡನ್ನಿನ ಆ ಕತ್ತರಿ ನಮ್ಮ ಕೈಗೂ ಬಂದಂತೆ.

ನಮಗೆ ಹಿತವಾದ ವಾಕ್ಯ ಸಿಕ್ಕಾಗಲೇ ಎಚ್ಚರ ಬೇಕು ಎಂದು ನನ್ನ ಅಂಬೋಣ. ಮುಂದಿನ ಚರ್ಚಾಕೂಟಕ್ಕೆ ಒಂದು ನಿಯಮ ಮಾಡೋಣವೇ? ಬೈಬಲಿರಲಿ, ಗೀತೆಯಿರಲಿ, ಕುರಾನಿರಲಿ, ಬಸವಣ್ಣನವರ ವಚನವಿರಲಿ, ಹೆಸರೆತ್ತಿದವರು ಜಾಗ ಹೇಳಲಿ, ಹಿಂದಿನ ಮುಂದಿನ ನಾಲ್ಕು ಸಾಲು ಓದಲಿ, ಆಮೇಲೆ "ಇದು ನನ್ನ ಅಭಿಪ್ರಾಯ" ಎಂದು ಶುರುಮಾಡಲಿ. ಭಾಷಣದ ರಭಸ ಸ್ವಲ್ಪ ಕಡಿಮೆಯಾದೀತು. ಆಗಲಿ ಬಿಡಿ, ಲೆಕ್ಕವಾದರೂ ತಾಳೆಯಾಗುತ್ತದೆ.